ಕಂಪನಿ ವಿಮೆ ಇರುವಾಗ ಸ್ವಂತದ್ದು ಯಾಕೆ?

"ಕಂಪನೀದು ಐತಲ್ಲಣ್ಣಾ, ಮತ್ತ್ಯಾಕ ಸುಮ್ನೆ ರೊಕ್ಕ ಹಾಕಬೇಕು?" ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗೆ ಹೋಗುವ ನಮ್ಮ ಹುಡುಗರು ಕೇಳುವ ಪ್ರಶ್ನೆ ಇದು. ಸ್ವಂತ ಆರೋಗ್ಯ ವಿಮೆ ಮಾಡಿಸಿ ಅಂತ ನಾನು ಕಂಡಾಗಲೆಲ್ಲ ಹೇಳ್ತೀನಿ, ಅದಕ್ಕೆ.

ಕಂಪನಿ ವಿಮೆ ಒಳ್ಳೆಯದೇ. ಮೆಡಿಕಲ್ ಟೆಸ್ಟ್ ಇರಲ್ಲ, ಬಿಪಿ, ಶುಗರ್ ಇದ್ದವರಿಗೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಕವರ್, ಎಷ್ಟೋ ಕಡೆ ಹೆರಿಗೆ ಖರ್ಚೂ ಸಿಗುತ್ತದೆ. ಅದನ್ನು ಬಿಡಬೇಡಿ. ಆದರೆ ಆ ಪಾಲಿಸಿ ಕಂಪನಿಯ ಹೆಸರಲ್ಲಿರುತ್ತದೆ. ಮುಂದಿನ ವರ್ಷ ಅವರು ಮೊತ್ತ ಇಳಿಸಿದರೂ, ಅಪ್ಪ ಅಮ್ಮನನ್ನು ಕೈಬಿಟ್ಟರೂ ನಿಮ್ಮನ್ನು ಕೇಳುವುದಿಲ್ಲ.

ನಾನು ಕೆಲಸ ಬಿಟ್ಟಾಗ ನನಗೆ 43 ವರ್ಷ. ವಿಮೆ ವರ್ಷ ಮುಗಿಯುವವರೆಗೂ ನಡೆಯುತ್ತದೆ ಅಂದುಕೊಂಡಿದ್ದೆ, ಕಾರ್ಡೂ ಪರ್ಸಿನಲ್ಲೇ ಇತ್ತು. ಎರಡು ತಿಂಗಳಿಗೆ ಒಂದು ರಾತ್ರಿ ಅವ್ವನಿಗೆ ಎದೆನೋವು ಬಂತು. ಕಲಬುರಗಿಯ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕಾರ್ಡ್ ಕೊಟ್ಟೆ. ಅಲ್ಲಿದ್ದ ಹುಡುಗಿ ನಂಬರನ್ನು ಎರಡು ಸಲ ಹೊಡೆದು ನೋಡಿ, "ಸರ, ಇದು ಬಂದ್ ಆಗ್ಯಾದ್ರಿ" ಅಂದಳು. ಊರಲ್ಲಿದ್ದ ತಮ್ಮ ತೊಗರಿ ಮಾರಿ ಇಟ್ಟಿದ್ದ ರೊಕ್ಕ ತಗೊಂಡು ಬೆಳಗಿನ ಮೊದಲ ಬಸ್ಸಿಗೆ ಬಂದ. ಅವ್ವ ಉಳಿದಳು.

ಆಮೇಲೆ ನಾನು ಪಾಲಿಸಿ ಮಾಡಿಸಲು ಹೋದೆ. ಟೆಸ್ಟಿನಲ್ಲಿ ಶುಗರ್ ಬಂತು. ಮೊದಲೇ ಇರುವ ಕಾಯಿಲೆಯ ಖರ್ಚು ಕೊಡಲು ವಿಮಾ ಕಂಪನಿ 3 ವರ್ಷದವರೆಗೂ ಕಾಯಿಸಬಹುದು (2024ರ ಏಪ್ರಿಲ್‌ಗೆ ಮುಂಚೆ 4 ವರ್ಷ ಇತ್ತು). ನೌಕರಿಯಲ್ಲಿದ್ದಾಗಲೇ ಒಂದು ಸಣ್ಣ ಪಾಲಿಸಿ ಮಾಡಿಸಿದ್ದರೆ ಆ ಕಾಯುವ ವರ್ಷಗಳೆಲ್ಲ ಕಂಪನಿ ವಿಮೆಯ ನೆರಳಲ್ಲೇ ಕಳೆದುಹೋಗುತ್ತಿದ್ದವು, ಅಲ್ವಾ? ಎರಡೂ ಇರಲಿ ಅಂತ ನಾನು ಹೇಳುವುದು ಇದಕ್ಕೇ.

ಕೆಲಸ ಬಿಡುವ ಯೋಚನೆ ಇದ್ದರೆ ಕೊನೆಯ ದಿನಕ್ಕೆ ಮುಂಚೆಯೇ ಎಚ್‌ಆರ್ ಹತ್ತಿರ ಮಾತಾಡಿ. ಕಂಪನಿ ಮಾಡಿಸಿದ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಕೇಳಬಹುದು.

ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ (ಇಡೀ ಮನೆಯವರಿಗೆ ಸೇರಿ ಒಂದೇ ಮೊತ್ತ) ಪಾಲಿಸಿಗಳ ಮೇಲಿದ್ದ 18% ಜಿಎಸ್‌ಟಿ ಹೋಗಿದೆ. ಆದರೆ ಕಡಿಮೆ ಪ್ರೀಮಿಯಂ ನೋಡಿ ಸೈನ್ ಮಾಡಬೇಡಿ, ರೂಮ್ ಬಾಡಿಗೆಯ ಮಿತಿ ನೋಡಿ. 3 ಲಕ್ಷದ ಪಾಲಿಸಿಯಲ್ಲಿ ಮಿತಿ 1% ಅಂತ ಇದ್ದರೆ ದಿನಕ್ಕೆ 3,000 ರೂಪಾಯಿ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ 6,000ದ ರೂಮ್ ಹಿಡಿದಿರಿ ಅಂತಿಟ್ಟುಕೊಳ್ಳಿ. ರೂಮಿನ ಬಾಡಿಗೆ ಅರ್ಧ ನಿಮ್ಮ ತಲೆಗೆ, ಅದರ ಜೊತೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜಿನಲ್ಲೂ ಅದೇ ಲೆಕ್ಕದಲ್ಲಿ ಅರ್ಧ ಕಡಿಯಬಹುದು.

ಇನ್ನೊಂದು ಮಾತು. ಶುಗರ್ ಇದ್ದರೆ ಫಾರ್ಮಿನಲ್ಲಿ ಬರೆಯಿರಿ. ಏಜೆಂಟ್ "ಬರೀಬ್ಯಾಡ್ರಿ, ಪ್ರೀಮಿಯಂ ಜಾಸ್ತಿ ಆಗ್ತದ" ಅಂದರೂ ಬರೆಯಿರಿ. ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಹೊರಬಿದ್ದರೆ ಪಾಲಿಸಿಯೇ ರದ್ದಾಗಬಹುದು, ಆಗ ಕೌಂಟರಿನ ಮುಂದೆ ನಿಲ್ಲುವವರು ನೀವು, ಏಜೆಂಟ್ ಅಲ್ಲ.