ಕುಂಚ ಅಂದ್ರೆ ಕಾರ್ಬನ್

ಕೀ ತಿರುಗಿಸಿದರೆ ಟಕ್. ಮತ್ತೆ ತಿರುಗಿಸಿದೆ. ಮತ್ತೆ ಟಕ್. ಇಂಜಿನ್ ಮಾತ್ರ ಅಲ್ಲಾಡಲಿಲ್ಲ. ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಶಿವಮೊಗ್ಗದಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕು ಅಂತ ಅಪ್ಪಯ್ಯ ಆರೂವರೆಗೇ ಶಲ್ಯ ಹೊದ್ದು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

‘ಬ್ಯಾಟರಿ ಡೌನ್ ಆಗಿರಬೇಕು’ ಅಂದರು ಪಕ್ಕದ ಮನೆಯವರು. ಹೆಡ್‌ಲೈಟ್ ಹಾಕಿದೆ, ಝಗ್ ಅಂತ ಉರಿಯಿತು. ಹಾರ್ನ್ ಕೂಡ ಬೀದಿ ಏಳುವಷ್ಟು ಜೋರಾಗಿತ್ತು. ಬ್ಯಾಟರಿ ಅಲ್ಲ. ಅಪ್ಪಯ್ಯ ಮಾತಾಡದೆ ಇಳಿದರು. ಡಿಕ್ಕಿಯಿಂದ ವೀಲ್ ಸ್ಪ್ಯಾನರ್ ತಂದು, ಬಾನೆಟ್ ಎತ್ತಿ, ಎಲ್ಲೋ ಕೆಳಗೆ ಕೈ ಹಾಕಿ ಮೆಲ್ಲಗೆ ಎರಡು ಏಟು ಕೊಟ್ಟರು. ‘ಈಗ ಹೊಡಿ ಸೆಲ್ಫು.’ ಹೊಡೆದೆ. ಗಾಡಿ ಸ್ಟಾರ್ಟ್!

ವಾಪಸ್ ಬರುವಾಗ ಆ ಏಟೂ ಕೆಲಸ ಮಾಡಲಿಲ್ಲ. ಛತ್ರದ ಅಂಗಳದಲ್ಲಿ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡ ನಾಲ್ಕು ಜನ ತಳ್ಳಿದರು. ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಊರು ಮುಟ್ಟುವ ತನಕ ಎಲ್ಲೂ ಆಫ್ ಮಾಡಲಿಲ್ಲ.

ನಮ್ಮದು 1998ರ ಮಾರುತಿ 800. ಕಾರ್ಬುರೇಟರ್ ಇರುವ ಹಳೇ ಗಾಡಿ. ಹದಿನೈದು ವರ್ಷ ಮುಗಿದ ಮೇಲೆ ಆರ್‌ಟಿಒಗೆ ಕರೆದುಕೊಂಡು ಹೋಗಿ ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಿಕೊಂಡು ಬಂದಿದ್ದೇವೆ. 2014ರಲ್ಲೇ ಕಂಪನಿ ಈ ಮಾಡೆಲ್ ನಿಲ್ಲಿಸಿತು. ಆದರೂ ಇದರ ಸಾಮಾನಿಗೆ ಬರ ಬಂದಿಲ್ಲ. 1983ರ ಕೊನೆಯಿಂದ ಮೂವತ್ತು ವರ್ಷ ಮಾರಿದ ಗಾಡಿ ಅಲ್ವಾ, ಯಾವ ಊರಿಗೆ ಹೋದರೂ ಇದನ್ನು ಬಿಚ್ಚಿ ಗೊತ್ತಿರುವವರು ಒಬ್ಬರಾದರೂ ಸಿಗುತ್ತಾರೆ.

ಸೋಮವಾರ ಹೋಗಿದ್ದು ಮಾತ್ರ ಎಸಿ ಇರುವ, ಟೀ ಕೊಡುವ ಒಂದು ಸರ್ವಿಸ್ ಸೆಂಟರಿಗೆ. ಹತ್ತು ನಿಮಿಷದಲ್ಲಿ ತೀರ್ಪು ಬಂತು. ‘ಸ್ಟಾರ್ಟರ್ ಹೋಗಿದೆ ಮೇಡಂ. ಅಸೆಂಬ್ಲಿ ಬದಲಾಯಿಸಬೇಕು. ಐದು ಸಾವಿರದ ಹತ್ತಿರ ಆಗುತ್ತೆ.’

‘ಒಳಗೆ ಏನು ಹೋಗಿದೆ?’

‘ಅದನ್ನ ನಾವು ಬಿಚ್ಚಲ್ಲ ಮೇಡಂ.’

ಅವರು ಮೋಸ ಮಾಡುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಬಿಚ್ಚಿ ಕೂತರೆ ಒಬ್ಬ ಹುಡುಗನ ಅರ್ಧ ದಿನ ಹೋಗುತ್ತದೆ. ಹೊಸದು ಹಾಕಿದರೆ ಒಂದು ಗಂಟೆ, ಮೇಲೆ ವಾರಂಟಿ. ಲೆಕ್ಕ ಸರಿಯಾಗೇ ಇದೆ. ಆದರೆ ‘ಬಿಚ್ಚಲ್ಲ’ ಅನ್ನುವ ಮಾತು ನನಗೆ ಯಾಕೋ ಹಿಡಿಸಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಸ್ಟಾರ್ಟರ್ ಅಂದರೆ ಇಂಜಿನ್ನನ್ನು ಮೊದಲು ತಿರುಗಿಸುವ ವಿದ್ಯುತ್ ಮೋಟರೇ. ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ವಿದ್ಯುತ್ ಮೋಟರಿನ ಚಿತ್ರ ಬರೆಯುತ್ತೇನೆ. ಕಾಂತ, ಸುರುಳಿ, ಸುರುಳಿಯಲ್ಲಿ ವಿದ್ಯುತ್ತಿನ ದಿಕ್ಕು ಬದಲಿಸುವ ದಿಕ್ಪರಿವರ್ತಕ, ಅದಕ್ಕೆ ಒತ್ತಿಕೊಂಡು ವಿದ್ಯುತ್ ಮುಟ್ಟಿಸುವ ಕುಂಚ. ಎಡಗೈಯ ಮೂರು ಬೆರಳು ಚಾಚಿ ಫ್ಲೆಮಿಂಗನ ನಿಯಮ ತೋರಿಸುತ್ತೇನೆ. ಕುಂಚ ಅಂದ ಕೂಡಲೇ ಮಕ್ಕಳು ಬಣ್ಣ ಬಳಿಯುವ ಬ್ರಷ್ ನೆನೆಸಿಕೊಳ್ಳುತ್ತಾರೆ. ಅವರಿಗೇನು ಬಯ್ಯುವುದು, ನಿಜವಾದ ಕುಂಚವನ್ನು ನಾನೇ ಕಣ್ಣಾರೆ ಕಂಡಿರಲಿಲ್ಲ.

ಮಂಗಳವಾರ ಅರ್ಧ ದಿನ ಸಿಎಲ್ ಹಾಕಿ, ಪಕ್ಕದ ಮನೆಯವರಿಂದ ತಳ್ಳಿಸಿಕೊಂಡು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೊರಟೆ. ಹೊರಡುವಾಗ ಅಪ್ಪಯ್ಯ ಅಟ್ಟದಿಂದ ಒಂದು ಡಾಲ್ಡಾ ಡಬ್ಬ ಇಳಿಸಿ ಪಕ್ಕದ ಸೀಟಿನ ಮೇಲಿಟ್ಟರು. ಇಪ್ಪತ್ತೈದು ವರ್ಷದಿಂದ ಈ ಗಾಡಿಯಿಂದ ಬಿಚ್ಚಿದ್ದೆಲ್ಲ ಅದರಲ್ಲಿದೆ. ಸ್ಪಾರ್ಕ್ ಪ್ಲಗ್ಗು, ಫ್ಯಾನ್ ಬೆಲ್ಟು, ನಟ್ಟು, ಬೋಲ್ಟು, ಯಾವುದೋ ರಬ್ಬರು. ‘ತಗೊಂಡು ಹೋಗು, ಬೇಕಾಗ್ತದೆ’ ಅಂದರು. ಬೇಡ ಅಂದರೆ ಕೇಳುವವರಲ್ಲ.

ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಅಂದರೆ ಒಂದು ಬೆಂಚು, ಒಂದು ವೈಸು, ಗೋಡೆಯ ತುಂಬ ತೂಗುಹಾಕಿದ ವೈರು. ಅಲ್ಲಿರುವವರಿಗೆ ಅರವತ್ತು ದಾಟಿದೆ. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಏಟು ಕೊಟ್ಟ ಕತೆ ಕೇಳಿದ್ದೇ ಅವರು ನಕ್ಕರು. ‘ಹೊಡೆದ್ರೆ ಓಡ್ತು ಅಂದ್ರೆ ಕಾರ್ಬನ್ ಟೀಚರಮ್ಮಾ. ಸವೆದು ಗಿಡ್ಡ ಆಗಿರ್ತದೆ, ಸ್ಪ್ರಿಂಗ್ ಒತ್ತಿದ್ರೂ ಮುಟ್ಟಲ್ಲ. ಏಟು ಬಿದ್ರೆ ಅಲ್ಲಾಡಿ ಒಂಚೂರು ಮುಟ್ತದೆ.’

ಮೊದಲು ಬ್ಯಾಟರಿಯ ಮೈನಸ್ ಕಳಚಿದರು. ಆಮೇಲೆ ಮೋಟರ್ ಹೊರಗೆ ಬಂತು. ಒಂದು ಸೇರಿಗಿಂತ ಸ್ವಲ್ಪ ದೊಡ್ಡದು, ಮೈಯೆಲ್ಲ ಎಣ್ಣೆ ಜಿಡ್ಡು. ಹಿಂದಿನ ಮುಚ್ಚಳ ತೆಗೆದ ಕೂಡಲೇ ಕಪ್ಪು ಪುಡಿ ಬೆಂಚಿನ ಮೇಲೆ ಸುರಿಯಿತು. ಅದೇ ಸವೆದ ಕುಂಚದ ಪುಡಿ. ಕುಂಚ ಹೊರಗೆ ಬಂದಾಗ ನೋಡಿದೆ. ಸಣ್ಣ ಇಟ್ಟಿಗೆಯಂಥ ತುಂಡು, ಬಾಲಕ್ಕೆ ಹೆಣೆದ ತಾಮ್ರದ ತಂತಿ. ಹೊಸದರ ಪಕ್ಕ ಇಟ್ಟರೆ ಅರ್ಧವೂ ಇಲ್ಲ. ಸವೆಯದೆ ಏನು ಮಾಡೀತು? ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್. ಒಂದು ಸಲ ಸೆಲ್ಫ್ ಹೊಡೆದರೆ ಈ ತುಂಡುಗಳ ಮೂಲಕ ನೂರರ ಆಸುಪಾಸು ಹರಿಯುತ್ತದೆ.

ನನ್ನ ದಿಕ್ಪರಿವರ್ತಕವೂ ಕಂಡಿತು. ಬೋರ್ಡಿನ ಮೇಲೆ ನಾನು ಬರೆಯುವುದು ಎರಡೇ ಹೋಳು. ಇಲ್ಲಿ ತಾಮ್ರದ ಎಷ್ಟೋ ಪಟ್ಟಿಗಳು ದುಂಡಗೆ ಜೋಡಿಸಿವೆ, ನಡುನಡುವೆ ಅಭ್ರಕ. ತಾಮ್ರ ಸವೆದು ಅಭ್ರಕ ಮೇಲೆದ್ದಿತ್ತು. ಹೊಸ ಕಾರ್ಬನ್ ಹಾಕಿದರೂ ಅದರ ಮೇಲೆ ಕುಣಿಯುತ್ತದೆಯಂತೆ. ಭಾಯ್ ಎದುರಿನ ಲೇತಿನವನ ಹತ್ತಿರ ಕಳಿಸಿ ಒಂದು ಕೂದಲಷ್ಟು ತಾಮ್ರ ತೆಗೆಸಿದರು. ಆಮೇಲೆ ಉಜ್ಜಿ ತೆಳ್ಳಗೆ ಮಾಡಿಟ್ಟುಕೊಂಡ ಆಕ್ಸಾ ಬ್ಲೇಡಿನಿಂದ ಒಂದೊಂದೇ ಸಂದಿಯ ಅಭ್ರಕವನ್ನು ಕೆರೆದರು. ಅಷ್ಟೂ ಸಂದಿ. ಅವಸರವೇ ಇಲ್ಲ. ನನಗೆ ಅಮ್ಮ ಹಲಸಿನ ತೊಳೆ ಬಿಡಿಸುವುದು ನೆನಪಾಯಿತು.

ಆಮೇಲೆ ಬುಷ್, ಅಂದರೆ ತಿರುಗುವ ದಂಡದ ತುದಿ ಕೂರುವ ಲೋಹದ ಬಳೆ. ಹಳೆಯದು ಅಗಲವಾಗಿ, ಆರ್ಮೇಚರ್ (ಸುರುಳಿ ಸುತ್ತಿದ ತಿರುಗುವ ಭಾಗ) ಅದರೊಳಗೆ ತೂಗಾಡುತ್ತಿತ್ತು. ಹೊಸ ಕಂಚಿನ ಬುಷ್ಷನ್ನು ಹೆಬ್ಬೆರಳ ಮೇಲೆ ನಿಲ್ಲಿಸಿ, ಒಳಗೆ ಎಣ್ಣೆ ತುಂಬಿಸಿ, ಮೇಲಿನ ಬಾಯನ್ನೂ ಇನ್ನೊಂದು ಬೆರಳಿಂದ ಮುಚ್ಚಿ ಜೋರಾಗಿ ಒತ್ತಿದರು. ‘ಇಲ್ಲಿ ನೋಡಿ’ ಅಂದರು. ಲೋಹದ ಹೊರಮೈಯಲ್ಲಿ ಎಣ್ಣೆ ಬೆವರಿನ ಹಾಗೆ ಸಣ್ಣ ಸಣ್ಣ ಹನಿಯಾಗಿ ಮೂಡಿತು. ಪುಡಿ ಒತ್ತಿ ಮಾಡಿದ ಕಂಚು, ಒಳಗೆಲ್ಲ ಸೂಕ್ಷ್ಮ ರಂಧ್ರ, ಎಣ್ಣೆ ಹೀರಿಕೊಂಡು ಇರುತ್ತದೆ ಅಂತ ನಾನು ಓದಿದ್ದೆ. ಓದಿದ್ದು ಬೇರೆ, ಇದು ಬೇರೆ.

ಎಲ್ಲ ಜೋಡಿಸುವ ಹೊತ್ತಿಗೆ ಕೇಬಲ್ ಬಿಗಿಯುವ ನಟ್ಟಿನ ಥ್ರೆಡ್ ಕಿತ್ತುಹೋಗಿತ್ತು. ನಾನು ಸಂಕೋಚದಿಂದ ಡಾಲ್ಡಾ ಡಬ್ಬ ಮುಂದಿಟ್ಟೆ. ಭಾಯ್ ಅದನ್ನು ಬೆಂಚಿನ ಮೇಲೆ ಮಗುಚಿ, ಎರಡು ಬೆರಳಲ್ಲಿ ಹುಡುಕಿ, ಸರಿಯಾದ ನಟ್ಟು ತೆಗೆದೇಬಿಟ್ಟರು! ಆಮೇಲೆ ಅವರ ಕೈ ಒಂದು ಕಪ್ಪು ರಬ್ಬರ್ ಪೈಪಿನ ಮೇಲೆ ನಿಂತಿತು.

‘ಇದು ಯಾರು ಇಟ್ಟಿದ್ದು?’

‘ಅಪ್ಪಯ್ಯ. ಬ್ರೇಕಿನದ್ದು. ಚೆನ್ನಾಗಿದೆ ಅಂತ...’

‘ಹೊರಗೆ ಚೆನ್ನಾಗೇ ಕಾಣ್ತದೆ. ಒಳಗೆ ಊದ್ಕೊಂಡಿರ್ತದೆ.’ ಬ್ಲೇಡ್ ತೆಗೆದು ಪೈಪನ್ನು ಮೂರು ತುಂಡು ಮಾಡಿ ಬುಟ್ಟಿಗೆ ಎಸೆದರು. ‘ಸೆಲ್ಫ್ ಕೈಕೊಟ್ರೆ ಗಾಡಿ ನಿಂತಲ್ಲೇ ನಿಲ್ತದೆ, ತಳ್ಳಬಹುದು. ಇದು ಕೈಕೊಟ್ರೆ ನಿಲ್ಲಲ್ಲ. ಬ್ರೇಕಿನ ರಬ್ಬರ್ ಯಾವತ್ತೂ ಎತ್ತಿಡಬಾರದು ಅಮ್ಮಾ. ಯಾರಾದ್ರೂ ಗೊತ್ತಿಲ್ದೆ ಹಾಕ್ತಾರೆ, ಅದಕ್ಕೇ ತುಂಡು ಮಾಡಿದ್ದು.’ ಸವೆದ ಕಾರ್ಬನ್ನಿಗೆ ಮೂರು ತಾಸು ಕೂತ ಮನುಷ್ಯ ಇವರೇನಾ ಅನ್ನಿಸಿತು.

ಲೇತಿನದ್ದೂ ಸೇರಿ ಒಂಬೈನೂರು ರೂಪಾಯಿ. ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಇಂಜಿನ್ ಎದ್ದಿತು. ಸವೆದ ಕಾರ್ಬನ್ ನನಗೆ ಬೇಕು, ಮಕ್ಕಳಿಗೆ ತೋರಿಸಬೇಕು ಅಂದೆ. ಭಾಯ್ ಬೆಂಚಿನ ಕೆಳಗೆ ಬಗ್ಗಿ ಒಂದು ಸುಟ್ಟ ಆರ್ಮೇಚರ್ ಎಳೆದು ಕೊಟ್ಟರು. ‘ಇದು ಇನ್ನು ಓಡಲ್ಲ. ಗುಜರಿಗೆ ಹಾಕೋದಿತ್ತು. ತಗೊಳ್ಳಿ.’

ಮನೆಯಲ್ಲಿ ನಟ್ಟಿನ ಸುದ್ದಿ ಹೇಳಿದ್ದೇ ತಡ, ‘ನಾ ಹೇಳಲಿಲ್ವಾ?’ ಅಂತ ಅಪ್ಪಯ್ಯ ಡಬ್ಬವನ್ನು ಮತ್ತೆ ಅಟ್ಟಕ್ಕೆ ಏರಿಸಿದರು. ಪೈಪಿನ ಸುದ್ದಿ ನಾನು ಎತ್ತಲಿಲ್ಲ.

ಬುಧವಾರ ಆರ್ಮೇಚರ್ ಕ್ಲಾಸಿನಲ್ಲಿ ಬೆಂಚಿಂದ ಬೆಂಚಿಗೆ ಹೋಯಿತು. ಮೂಸಿ ನೋಡಿ ‘ಮಿಸ್, ಸೀದ ವಾಸನೆ’ ಅಂದರು. ಎಲ್ಲರ ಕೈಯೂ ಕಪ್ಪಾಯಿತು. ಕೊನೇ ಬೆಂಚಿನ ಹುಡುಗಿ ಮಾತ್ರ ಅದನ್ನು ಮುಂದಕ್ಕೆ ಕೊಡಲೇ ಇಲ್ಲ. ಬೆಲ್ ಹೊಡೆದ ಮೇಲೆ ಎದ್ದು ಬಂದು ಕೇಳಿದಳು: ‘ಮಿಸ್, ಇದರ ತಂತಿ ಬಿಚ್ಚಿ ಎಷ್ಟು ಸುತ್ತಿದೆ ಅಂತ ಎಣಿಸಲಾ?’