ಬೇಸಿಗೆಯಲ್ಲಿ ದೋಣಿಯ ಬ್ಯಾಟರಿ: ಎರಡನೇ ಸಲದ ಪ್ರಯತ್ನ

ಮಾರ್ಚ್ 9

ಹಿನ್ನೀರು ಹಿಂದಕ್ಕೆ ಸರಿದಿದೆ. ಮಾವನೂ ನಾನೂ ಸೇರಿ ಫೈಬರ್ ದೋಣಿಯನ್ನು ದಡಕ್ಕೆ ಎಳೆದು ತಾಡಪತ್ರಿ ಮುಚ್ಚಿದೆವು. ಮಳೆ ಬಂದು ತುಂಗಭದ್ರಾ ಡ್ಯಾಮ್‌ಗೆ ನೀರು ಬರುವವರೆಗೆ ಅದಕ್ಕೆ ಕೆಲಸವಿಲ್ಲ.

ಹೋದ ವರ್ಷ ಬ್ಯಾಟರಿಯನ್ನು ದೋಣಿಯಲ್ಲೇ ಬಿಟ್ಟಿದ್ದೆ. 12 ವೋಲ್ಟಿನ ಬ್ಯಾಟರಿ, ಜುಲೈನಲ್ಲಿ ನೋಡಿದರೆ 9 ವೋಲ್ಟ್. ಖಾಲಿ ಬಿದ್ದು ಬಿದ್ದು ಪ್ಲೇಟಿಗೆ ಸಲ್ಫೇಟ್ ಗಟ್ಟಿ ಹಿಡಿದಿತ್ತು, ಚಾರ್ಜಿಗೆ ಹಾಕಿದರೂ ಏಳಲಿಲ್ಲ. ಗುಜರಿಗೆ ಹೋಯಿತು.

ಈ ಸಲ ಬಿಚ್ಚುವ ಮೊದಲು ಎಲ್ಲ ಸ್ವಿಚ್ ಆಫ್ ಮಾಡಿ, ಮೈನಸ್ ವೈರ್ ಕಳಚಿ, ನಡುವೆ ಮೀಟರ್ ಹಿಡಿದೆ. 20 ಮಿಲಿಆಂಪ್! ಒಂದೊಂದೇ ವೈರ್ ಬಿಚ್ಚುತ್ತಾ ಹೋದಾಗ ಕಳ್ಳ ಸಿಕ್ಕಿದ. ಮೊಬೈಲ್ ಚಾರ್ಜಿಂಗ್ ಸಾಕೆಟ್ಟು. ಅದರೊಳಗಿನ ಪುಟ್ಟ ಕೆಂಪು ವೋಲ್ಟ್‌ಮೀಟರ್ ಹಗಲೂ ರಾತ್ರಿ ಉರಿಯುತ್ತಿತ್ತು. ಬಿಸಿಲಲ್ಲಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ದಿನಕ್ಕೆ ಅರ್ಧ ಆಂಪಿಯರ್-ಅವರ್, ತಿಂಗಳಿಗೆ 14. ನಮ್ಮದು 60 ಆಂಪಿಯರ್-ಅವರಿನ ಬ್ಯಾಟರಿ. ನಾಲ್ಕು ತಿಂಗಳಲ್ಲಿ ಮುಗೀತಲ್ವಾ?

ಬ್ಯಾಟರಿಯನ್ನು ಕೊಪ್ಪಳದ ಮನೆಗೆ ತಂದೆ.

ಮಾರ್ಚ್ 11

ತಂದಾಗ 12.2 ವೋಲ್ಟ್, ಅಂದರೆ ಸುಮಾರು ಅರ್ಧ. ಡಿಸ್ಟಿಲ್ಡ್ ವಾಟರ್ ಹಾಕಿ ಪೂರ್ತಿ ಚಾರ್ಜ್ ಮಾಡಿದೆ. ಒಂದು ರಾತ್ರಿ ಸುಮ್ನೆ ಬಿಟ್ಟು ಅಳೆದರೆ 12.66. ಚಾರ್ಜರ್ ತೆಗೆದ ಕೂಡಲೇ ಅಳೆಯಬೇಡಿ, ಸುಳ್ಳು ಹೇಳುತ್ತದೆ.

ಮಾಳಿಗೆ ಮೇಲೆ 20 ವ್ಯಾಟಿನ ಸೋಲಾರ್ ಪ್ಯಾನೆಲ್, ಕೆಳಗೆ ಬ್ಯಾಟರಿಗೆ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್. ಮೊದಲು ಬ್ಯಾಟರಿ ವೈರ್, ಆಮೇಲೆ ಪ್ಯಾನೆಲ್ ವೈರ್. ತಿರುವುಮುರುವು ಮಾಡಿದರೆ ಕೆಲವು ಕಂಟ್ರೋಲರ್‌ಗೆ 12 ವೋಲ್ಟೋ 24ಓ ಗೊತ್ತಾಗದೆ ತಲೆ ಕೆಡುತ್ತದೆ.

ಏಪ್ರಿಲ್ 6

ಬ್ಯಾಟರಿ ಇಟ್ಟಿದ್ದು ತಗಡಿನ ಶೆಡ್ಡಿನಲ್ಲಿ. ಮಧ್ಯಾಹ್ನ ಒಳಗೆ 40 ಡಿಗ್ರಿ ದಾಟುತ್ತಿದೆ. ನೀರು ಬೇಗ ಇಳಿಯುತ್ತಿದೆ. ತಪ್ಪು ನನ್ನದೇ. ಬಿಸಿಯಾದಷ್ಟೂ ಬ್ಯಾಟರಿಗೆ ಕಡಿಮೆ ವೋಲ್ಟೇಜ್ ಸಾಕು, ಈ ಅಗ್ಗದ ಕಂಟ್ರೋಲರ್‌ಗೆ ಅದು ತಿಳಿಯುವುದಿಲ್ಲ. 25 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 20 ಮಿಲಿವೋಲ್ಟ್ ಇಳಿಸಬೇಕು. ಫ್ಲೋಟ್, ಅಂದರೆ ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡುವ ವೋಲ್ಟೇಜ್, 13.7 ಇತ್ತು, 13.4ಕ್ಕೆ ಇಳಿಸಿದೆ.

ಜೊತೆಗೆ ಬ್ಯಾಟರಿಯನ್ನು ಪಡಸಾಲೆ ಪಕ್ಕದ ಗಾಳಿಯಾಡುವ ಮೂಲೆಗೆ ಸಾಗಿಸಿದೆ. ನೆಲ ತಣ್ಣಗಿದೆ. ಸಿಮೆಂಟ್ ನೆಲ ಚಾರ್ಜ್ ಎಳೆಯುತ್ತದೆ, ಹಲಗೆ ಹಾಕು ಎಂದು ಮಾವ ಹೇಳಿದರು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯವಿಲ್ಲ. ಮಾವನ ಸಮಾಧಾನಕ್ಕೆ ಹಲಗೆ ಹಾಕಿದ್ದೇನೆ.

ಏಪ್ರಿಲ್ 27

ಸುಡು ಬಿಸಿಲು, ಆದರೂ ಕಂಟ್ರೋಲರ್‌ನಲ್ಲಿ ಪ್ಯಾನೆಲ್‌ನ ಗುರುತೇ ಇಲ್ಲ. ಫ್ಯೂಸ್ ನೋಡಿದೆ, ವೈರ್ ನೋಡಿದೆ. ಒಂದು ಗಂಟೆ ಹೋಯಿತು. ಕೊನೆಗೆ ಮಾಳಿಗೆ ಹತ್ತಿದರೆ ಪ್ಯಾನೆಲ್ ಮೇಲೆ ಹಳೇ ಇಳಕಲ್ ಸೀರೆ, ಸೀರೆ ತುಂಬ ಅಕ್ಕಿ ಸಂಡಿಗೆ.

"ಕರೀ ಹಲಗಿ ಕಾದಿರ್ತದಲ್ಲೋ ತಮ್ಮಾ, ಲಗೂ ಒಣಗ್ತಾವಂತ ಹಾಕೀನಿ" ಅಂದರು ಅವ್ವ.

ನಿಜ, ಚೆನ್ನಾಗಿಯೇ ಒಣಗಿದ್ದವು. ನಾಲ್ಕು ದಿನದಿಂದ ಹೀಗೇ ನಡೆದಿತ್ತಂತೆ. ಬ್ಯಾಟರಿ 12.6ರ ಹತ್ತಿರವೇ ಇತ್ತು, ಏನೂ ಆಗಿಲ್ಲ.

ಮೇ 25

12.65. ನೀರಿನ ಮಟ್ಟ ಸರಿಯಾಗಿದೆ. ಪ್ಯಾನೆಲ್ ಮೇಲಿನ ದೂಳು ಒರೆಸಿದೆ, ಒಂದೆರಡು ಸಂಡಿಗೆ ಚೂರು ಇನ್ನೂ ಅಂಟಿಕೊಂಡಿದ್ದವು. ಮಾವನ ಫೋನ್ ಬಂದಿತ್ತು, ತಾಡಪತ್ರಿ ಗಾಳಿಗೆ ಹಾರಿದೆಯಂತೆ. ಭಾನುವಾರ ಹೋಗಬೇಕು, ಸಾಕೆಟ್ಟಿಗೆ ಬೇರೆ ಸ್ವಿಚ್ಚೂ ಆವತ್ತೇ ಹಾಕುತ್ತೇನೆ.