ಅಲಾಯ್ ವೀಲ್‌ಗೆ ಮರುಜೀವ

ಕಾರಿನ ಹಳೇ ಅಲಾಯ್ ವೀಲ್‌ಗಳನ್ನು (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳನ್ನು) ಹೊಸದರಂತೆ ಮಾಡುವ ಕೆಲಸ ಕಲಿಯುತ್ತಿದ್ದೇನೆ. ಮುಂದೆ ಇದನ್ನೇ ಕಸುಬಾಗಿ ಹಿಡಿಯುವ ಆಸೆ.

ಪೇಂಟ್ ಹೊಡೆಯುವುದೇ ಮುಖ್ಯ ಅಂದುಕೊಳ್ಳುವವರು ಹೆಚ್ಚು. ಆದರೆ ಸಮಯವೆಲ್ಲ ಹೋಗುವುದು ಅದಕ್ಕೂ ಮೊದಲು: ಟೈರ್ ಬಿಚ್ಚಿ, ರಿಮ್ ತಿರುಗಿಸಿ ಬೆಂಡ್ ನೋಡಿ, ಬಿರುಕು ಹುಡುಕಿ, ಹಳೇ ಬಣ್ಣವನ್ನು ಪೂರ್ತಿ ತೆಗೆಯಬೇಕು. ಬಣ್ಣದ ಮೇಲಿನ ಪಾರದರ್ಶಕ ಪದರವಾದ ಲ್ಯಾಕರ್ ಒಡೆದ ಕಡೆ ನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆದಿರುತ್ತದೆ. ಅದರ ಚೂರು ಉಳಿದರೂ ಹೊಸ ಬಣ್ಣ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಬಿಸಿಯಲ್ಲಿ ಗಟ್ಟಿ ಮಾಡುವುದು) ಆದರೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಬೇಯಬೇಕು. ಹಬ್‌ಗೆ (ವೀಲ್ ಕೂರುವ ಕಾರಿನ ಭಾಗಕ್ಕೆ) ತಾಗುವ ಮುಖ, ನಟ್ ಕೂರುವ ಜಾಗ ಎರಡನ್ನೂ ಮೊದಲೇ ಮುಚ್ಚಿರಬೇಕು. ಅಲ್ಲಿ ದಪ್ಪ ಪದರ ಕೂತರೆ ನಟ್ ಸಡಿಲವಾಗುವ ಅಪಾಯ.

ಡೈಮಂಡ್ ಕಟ್, ಅಂದರೆ ವೀಲ್‌ನ ಮುಖವನ್ನು ತೆಳುವಾಗಿ ಕೆತ್ತಿ ಹೊಳಪು ತರುವುದು, ನನಗೆ ಬಲು ಇಷ್ಟ. ಲೇತ್‌ನಲ್ಲಿ ವೀಲ್ ತಿರುಗುತ್ತಾ ಲೋಹ ಎಳೆಎಳೆಯಾಗಿ ಬಿಡುವುದನ್ನು ನೋಡುತ್ತಾ ನಿಂತುಬಿಡುತ್ತೇನೆ. ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಒಂದೇ ವೀಲ್‌ಗೆ ಅದನ್ನು ಕೆಲವೇ ಬಾರಿ ಮಾಡಬಹುದು.

ಒಂದು ಮಾತ್ರ ಈಗಲೇ ನಿರ್ಧರಿಸಿದ್ದೇನೆ. ಬಿರುಕು ಬಿಟ್ಟ ವೀಲ್‌ಗೆ ಬಣ್ಣ ಬಳಿದು ಕೊಡುವುದಿಲ್ಲ, ಗಿರಾಕಿ ಎಷ್ಟೇ ಒತ್ತಾಯಿಸಲಿ. ಆ ಕಾರಿನಲ್ಲಿ ಯಾರದೋ ಮಕ್ಕಳು ಕೂತು ಹೋಗುತ್ತಾರೆ. ಇನ್ನು ವೀಲ್ ಅದುರದಂತೆ ತೂಕ ಸಮ ಮಾಡುವ ಬ್ಯಾಲೆನ್ಸಿಂಗ್ ಕಲಿಯುವುದು ಬಾಕಿ ಇದೆ.